ತುಂಬಿದ ಕಣಿವೆ, ತುಂಬುವ ಕೊಡ

2022ರ ಸೆಪ್ಟೆಂಬರ್ ತಿಂಗಳ ಮೊದಲ ವಾರ. ಮಾರಿಕಣಿವೆ ಅಣೆಕಟ್ಟು ಕೋಡಿ ಬಿದ್ದಿತ್ತು. ಹಿಂದೆ ಹೀಗೆ ಕೋಡಿ ಬಿದ್ದದ್ದು 1933ರಲ್ಲಿ. ನಡುವೆ 89 ವರ್ಷ. ಅಷ್ಟರಲ್ಲಿ ನಮ್ಮ ಬಬ್ಬೂರಿನಲ್ಲಿ ಮೂರು ತಲೆಮಾರು ಹುಟ್ಟಿ ಬೆಳೆದು, ಮುಗಿಲು ನೋಡಿ ನೋಡಿ ಕಣ್ಣು ಸೋತಿದ್ದವು. ಆ ದಿನ ಊರಲ್ಲಿ ಮನೆ ಕಾಯಲು ಮುದುಕರೂ ಉಳಿಯಲಿಲ್ಲ. ಟ್ರ್ಯಾಕ್ಟರು, ಲಗೇಜ್ ಆಟೋ, ಬೈಕು, ಸಿಕ್ಕಿದ್ದನ್ನು ಹತ್ತಿ ಎಲ್ಲರೂ ಕಣಿವೆಯ ದಾರಿ ಹಿಡಿದರು. ನಾನು ಬೆಂಗಳೂರಿನಿಂದ ಅದಕ್ಕೆಂದೇ ಬಂದಿದ್ದೆ. ಅವ್ವನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೊರಟೆ.

ಅಜ್ಜಿ ಆರು ವರ್ಷದವಳಿದ್ದಾಗ ಅವರಪ್ಪನ ಹೆಗಲ ಮೇಲೆ ಕೂತು 1933ರ ಕೋಡಿ ನೋಡಿದ್ದಳಂತೆ. ಸಾಯುವ ತನಕ ಅದನ್ನು ಹೇಳುತ್ತಿದ್ದಳು. ಬೆಳ್ಳಗೆ ನೊರೆ ಉಕ್ಕಿಸಿಕೊಂಡು ಧುಮುಕುತ್ತಿದ್ದ ನೀರನ್ನು ಅವ್ವ ಸೊಸೆಯಾಗಿ ಬಂದ ದಿನದಿಂದ ಬರೀ ಮಾತಲ್ಲಿ ಕೇಳಿದ್ದವಳು, ಈಗ ಕಣ್ಣಲ್ಲಿ ಕಂಡಳು. ಏನೂ ಮಾತಾಡಲಿಲ್ಲ. ದೂರದಿಂದಲೇ ಕಣಿವೆ ಮಾರಮ್ಮನ ಗುಡಿಯ ಕಡೆಗೊಮ್ಮೆ, ನೀರಿನ ಕಡೆಗೊಮ್ಮೆ ಕೈ ಮುಗಿದಳು. ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡು, "ನಡಿಯಪ್ಪ, ಕತ್ತಲಾಗ್ತದೆ" ಅಂದಳು.

ಮನೆಗೆ ಬಂದು ಮುದ್ದೆ, ಹುರುಳಿಸಾರು ಉಂಡೆವು. ಒಂಬತ್ತು ಗಂಟೆಯಾಗಿರಬೇಕು. ಪಡಸಾಲೆಯಲ್ಲಿ ಮೈ ಚೆಲ್ಲಿದ್ದವನಿಗೆ ಹಿತ್ತಿಲ ಕಡೆಯಿಂದ ಆ ಸದ್ದು ಕೇಳಿಸಿತು. ಎದ್ದು ಹೋಗಿ ನೋಡಿದರೆ ಅವ್ವ ಪೈಪು ಹಿಡಿದು ನಿಂತಿದ್ದಾಳೆ. ಹಿತ್ತಾಳೆ ಕೊಡ ತುಂಬಿ, ಸ್ಟೀಲಿನ ಬಿಂದಿಗೆಗಳು ತುಂಬಿ, ಹಂಡೆಗೆ ನೀರು ಬೀಳುತ್ತಿದೆ. ನೀಲಿ ಡ್ರಮ್ಮು, ಎರಡು ಬಕೀಟು, ಕೊನೆಗೊಂದು ಚೊಂಬು ಸಾಲಾಗಿ ಸರದಿ ಕಾಯುತ್ತಿವೆ.

"ಅವ್ವಾ, ಕಣಿವೇನೇ ತುಂಬಿ ಹರಿದು ಹೋಗ್ತೈತೆ. 30 ಟಿಎಂಸಿ ನೀರು. ಇವತ್ತೂ ತುಂಬಿಸಬೇಕಾ?"

ಅವ್ವ ತಿರುಗಿ ನೋಡದೆ ಅಂದಳು: "ಕಣಿವೆ ತುಂಬಿದ್ರೆ ನಮ್ಮನೆ ಕೊಡ ತಾನಾಗೇ ತುಂಬ್ತದೇನಪ್ಪ?"

ಈ ಮಾತು ನನ್ನನ್ನು ಬಿಟ್ಟೇ ಇಲ್ಲ. ಮನುಷ್ಯನಿಗೆ ತನ್ನ ರೂಢಿ ಬದಲಿಸಿಕೊಳ್ಳುವುದು ಯಾಕೆ ಇಷ್ಟು ಕಷ್ಟ ಎಂಬ ಪ್ರಶ್ನೆ ಬಂದಾಗಲೆಲ್ಲ ನನಗೆ ಪೈಪು ಹಿಡಿದು ನಿಂತ ಅವ್ವನ ಬೆನ್ನು ಕಾಣುತ್ತದೆ.

ಕೊಡಕ್ಕೆ ನೀರು ಬೀಳುವ ಸದ್ದನ್ನು ಕೇಳಿ ಬೆಳೆದವರಿಗೆ ಅದರ ಸ್ವರ ಗೊತ್ತು. ತಳದಲ್ಲಿ ಅದು ದಪ್ಪಗೆ, ದೂರದ ಗುಡುಗಿನ ಹಾಗೆ ಇರುತ್ತದೆ. ನಡುವಿಗೆ ಬರುವಾಗ ತಿಳಿಯಾಗುತ್ತದೆ. ಕಂಠದ ಹತ್ತಿರ ಬಂದಂತೆ ತೆಳ್ಳಗಾಗಿ, ಮೇಲೇರಿ, ಕೊನೆಯ ನಾಲ್ಕು ಬೆರಳಿನಲ್ಲಿ ಕೊಡವೇ ಉಸಿರು ಬಿಗಿಹಿಡಿದ ಹಾಗೆ ಕೇಳುತ್ತದೆ. ಅವ್ವ ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಲೇ ಹಿತ್ತಿಲಲ್ಲಿ ಯಾವ ಪಾತ್ರೆ ಎಲ್ಲಿಯವರೆಗೆ ತುಂಬಿದೆ ಎಂದು ಹೇಳುತ್ತಿದ್ದಳು. "ಬಿಂದಿಗೆ ತೆಗಿ, ತುಂಬ್ತು" ಅಂತ ಒಳಗಿಂದ ಕೂಗಿದರೆ, ನಾನು ಓಡಿ ಹೋಗುವಷ್ಟರಲ್ಲಿ ನೀರು ಬಾಯಿಗೆ ಒಂದು ಬೆರಳು ಕಡಿಮೆ ಇರುತ್ತಿತ್ತು. ಚೆಲ್ಲಿದ್ದು ನಾನು ಕಂಡಿಲ್ಲ.

ಒಂಬತ್ತು ಗಂಟೆಗೇ ಯಾಕೆ? ಇದಕ್ಕೊಂದು ಕಥೆ ಇದೆ. ಅವ್ವ 1977ರಲ್ಲಿ ಮದುವೆಯಾಗಿ ಬಂದಾಗ ನೀರು ಓಣಿಯ ಬಾವಿಯದು. ಬಾವಿ ತಳ ಕಂಡ ಮೇಲೆ ಬೋರಿಂಗು ಬಂತು, ಹ್ಯಾಂಡಲ್ ಒತ್ತಿ ಒತ್ತಿ ಹೆಂಗಸರ ರಟ್ಟೆ ಬಿದ್ದುಹೋಗುತ್ತಿದ್ದ ಕಾಲ. ಆಮೇಲೆ ತೊಂಬೆ ಕಟ್ಟಿದರು. ಆಮೇಲೆ ಬೀದಿ ನಲ್ಲಿ. ಬೀದಿ ನಲ್ಲಿಯ ಕಾಲದಲ್ಲಿ ನಮ್ಮ ಬದುಕಿನ ಗಡಿಯಾರ ನೀರುಗಂಟಿಯ ಕೈಯಲ್ಲಿತ್ತು. ಕರೆಂಟು ಬಂದರೆ ಮೋಟಾರು, ಮೋಟಾರು ಓಡಿದರೆ ನೀರು. ಎಷ್ಟೋ ವರ್ಷ ನಮ್ಮ ಫೀಡರಿಗೆ ಕರೆಂಟು ಬರುತ್ತಿದ್ದದ್ದು ರಾತ್ರಿ ಒಂಬತ್ತಕ್ಕೆ. ಉಂಡ ಕೈ ತೊಳೆದು ಹೆಂಗಸರೆಲ್ಲ ಕೊಡ ಹಿಡಿದು ಹೊರಗೆ ಬರುತ್ತಿದ್ದರು. ಮಾತು, ನಗು, ಜಗಳ, ಯಾರ ಮನೆಯಲ್ಲಿ ಯಾರು ಬಸುರಿ, ಯಾರ ಹೊಲದ ಬೋರು ಬತ್ತಿತು, ಎಲ್ಲವೂ ಅಲ್ಲೇ.

ಈಗ ತಾರಸಿಯ ಮೇಲೆ ಸಿಂಟೆಕ್ಸ್ ಇದೆ. 'ಮನೆಮನೆಗೆ ಗಂಗೆ'ಯ ನಲ್ಲಿಯೂ ಇದೆ. ಕುಡಿಯಲು ಶುದ್ಧ ನೀರಿನ ಘಟಕದಿಂದ ಕ್ಯಾನು ಬರುತ್ತದೆ, ಯಾಕೆಂದರೆ ನಮ್ಮ ಜಿಲ್ಲೆಯ ಬೋರಿನ ನೀರಲ್ಲಿ ಫ್ಲೋರೈಡು ಹೆಚ್ಚು. ಒಂಬತ್ತರ ಕರೆಂಟು ಹೋಯಿತು, ಒಂಬತ್ತರ ಓಣಿ ಹೋಯಿತು. ಒಂಬತ್ತರ ಕೊಡ ಉಳಿದಿದೆ.

ನಮ್ಮ ಭಾಷೆ ಈ ವಿಷಯದಲ್ಲಿ ಎಷ್ಟು ಸೂಕ್ಷ್ಮ! ಚಟ ಎಂದರೆ ಒಂದು ಬಣ್ಣ, ಅಭ್ಯಾಸ ಎಂದರೆ ಇನ್ನೊಂದು. ವಾಡಿಕೆ ಊರಿನದು, ಗೀಳು ಒಬ್ಬನದು. ಅಭ್ಯಾಸ ಎಂಬ ಮಾತಿಗೆ ನಾವು ಶಾಲೆಯಲ್ಲಿ ಓದು ಎಂಬ ಅರ್ಥವನ್ನೂ ಕೊಟ್ಟಿದ್ದೇವೆ. 'ಮಗ ಚೆನ್ನಾಗಿ ಅಭ್ಯಾಸ ಮಾಡ್ತಾನೆ' ಎಂದರೆ ಹೊಗಳಿಕೆ, 'ಅವನಿಗೆ ಅದು ಅಭ್ಯಾಸ ಆಗೋಗೈತೆ' ಎಂದರೆ ನಿಟ್ಟುಸಿರು. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ರೂಢಿ. ಸಂಸ್ಕೃತದಲ್ಲಿ ಅದರ ಬೇರಿಗೆ ಮೊಳೆತು ಬೆಳೆಯುವುದು ಎಂಬ ಅರ್ಥವಿದೆ. ರೂಢಿಯಾದದ್ದು ಅಂದರೆ ಬೇರುಬಿಟ್ಟದ್ದು. ಬೇರುಬಿಟ್ಟದ್ದನ್ನು ಕೀಳಬೇಕಾದರೆ ಗಿಡವನ್ನಷ್ಟೇ ಹಿಡಿದೆಳೆದರೆ ಆಗುವುದಿಲ್ಲ, ಮಣ್ಣನ್ನೂ ಸಡಿಲಿಸಬೇಕು ಎಂದು ಯಾವ ರೈತನಾದರೂ ಹೇಳುತ್ತಾನೆ. ಗರಿಕೆ ಕಿತ್ತವರಿಗೆ ಇದು ಇನ್ನೂ ಚೆನ್ನಾಗಿ ಗೊತ್ತು.

21 ದಿನ ಬಿಡದೆ ಮಾಡಿದರೆ ಹೊಸ ಅಭ್ಯಾಸ ಕೂಡುತ್ತದೆ ಎಂಬ ಮಾತು ಈಗ ಎಲ್ಲರ ಬಾಯಲ್ಲಿದೆ. ಅದರ ಮೂಲ ಹುಡುಕಿದರೆ ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಸಿಗುತ್ತಾರೆ. ಶಸ್ತ್ರಚಿಕಿತ್ಸೆಯಾದವರಿಗೆ ಕನ್ನಡಿಯಲ್ಲಿನ ಹೊಸ ಮುಖ ತಮ್ಮದೇ ಅನಿಸಲು ಕಡಿಮೆಯೆಂದರೂ 21 ದಿನ ಬೇಕಾಗುತ್ತದೆ ಎಂದು ಅವರು 1960ರ ತಮ್ಮ ಪುಸ್ತಕದಲ್ಲಿ ಬರೆದಿದ್ದರು. 'ಕಡಿಮೆಯೆಂದರೂ' ಎಂಬುದು ಬಾಯಿಂದ ಬಾಯಿಗೆ ದಾಟುವಾಗ ಉದುರಿಹೋಯಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲಾಲಿ ಮತ್ತು ಜೊತೆಗಾರರು 96 ಜನರನ್ನು 12 ವಾರ ಗಮನಿಸಿ ಲೆಕ್ಕ ಹಾಕಿದಾಗ, ಒಂದು ಹೊಸ ಕೆಲಸ ಯೋಚನೆಯಿಲ್ಲದೆ ತಾನಾಗಿ ನಡೆಯುವಂತಾಗಲು ಬೇಕಾದದ್ದು ಸುಮಾರು 66 ದಿನ. ಕೆಲವರಿಗೆ 18, ಕೆಲವರಿಗೆ 254. ತಿಂಡಿಯಾದ ಮೇಲೆ ಒಂದು ಲೋಟ ನೀರು ಕುಡಿಯುವಂಥದ್ದು ಬೇಗ ಕೂಡಿತಂತೆ, ಮೈ ದಂಡಿಸುವಂಥದ್ದು ತಡವಾಯಿತಂತೆ. ನಡುವೆ ಒಂದು ದಿನ ತಪ್ಪಿದರೆ ಏನೂ ಕೆಡಲಿಲ್ಲ ಎಂಬುದು ಅದರಲ್ಲಿ ನನಗೆ ತುಂಬ ಸಮಾಧಾನ ಕೊಟ್ಟ ಮಾತು.

66 ದಿನ. ಅವ್ವ ಬಬ್ಬೂರಿಗೆ ಬಂದು ಕಣಿವೆ ಕೋಡಿ ಬೀಳುವ ಹೊತ್ತಿಗೆ 45 ವರ್ಷ. 16,000 ರಾತ್ರಿಗಳು. ಬಾವಿಯದೋ ಬೋರಿಂಗಿನದೋ ನಲ್ಲಿಯದೋ, ನೀರು ತುಂಬಿಡದೆ ಮಲಗಿದ ರಾತ್ರಿ ಆಕೆಗೆ ನೆನಪಿಲ್ಲ. 16,000 ರಾತ್ರಿಗಳ ಎದುರು ನನ್ನ ಒಂದು ಪ್ರಶ್ನೆ ಎಷ್ಟರದು?

ಅಪ್ಪನ ಬೀಡಿಯ ಕಥೆಯನ್ನು ಇಲ್ಲಿ ಹೇಳಬೇಕು.

ಅಪ್ಪನ ಅಂಗಿಗಳಿಗೆಲ್ಲ ಎಡಗಡೆ ಎದೆಯ ಮೇಲೆ ಒಂದೇ ಅಳತೆಯ ಜೇಬು. ಒಂದು ಬೀಡಿಕಟ್ಟು, ಒಂದು ಬೆಂಕಿಪೊಟ್ಟಣ ಬಿಗಿಯಾಗಿ ಕೂರುವಷ್ಟು. ಹಿರಿಯೂರಿನ ದರ್ಜಿ ಅಳತೆ ಕೇಳದೆಯೇ ಹೊಲಿಯುತ್ತಿದ್ದ. ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿ, ಇನ್ನು ಬೀಡಿ ಮುಟ್ಟಬೇಡಿ ಅಂದಾಗ ಅಪ್ಪನಿಗೆ ಐವತ್ತೆರಡು. ಅಪ್ಪ ಮಾತಿಗೆ ತಪ್ಪುವ ಮನುಷ್ಯ ಅಲ್ಲ. ಕೊಟ್ಟ ಸಾಲಕ್ಕೆ ಚೀಟಿ ಬರೆಸಿಕೊಂಡವನಲ್ಲ, ತಂದ ಸಾಲವನ್ನು ಒಂದು ದಿನ ತಡಮಾಡಿದವನಲ್ಲ. ಅಂಥವನು ಮೂರು ಸಲ ಬೀಡಿ ಬಿಟ್ಟು ಮೂರು ಸಲವೂ ಸೋತ. ಮನೆಯಲ್ಲಿ ಇರುವಷ್ಟು ಹೊತ್ತು ನೆನಪೇ ಆಗುತ್ತಿರಲಿಲ್ಲವಂತೆ. ಬೆಳಗ್ಗೆ ನೇಗಿಲು ಹೂಡಿ, ನಾಲ್ಕು ಸಾಲು ಹೊಡೆದು, ಎತ್ತುಗಳನ್ನು ನಿಲ್ಲಿಸಿ ಬೇವಿನ ಮರದ ಕೆಳಗಿನ ಬದುವಿನ ಮೇಲೆ ಕೂತ ಕೂಡಲೇ ಬಲಗೈ ತಾನಾಗೇ ಎದೆಗೆ ಹೋಗುತ್ತಿತ್ತು. ಪಕ್ಕದ ಹೊಲದವನೂ ಅದೇ ಹೊತ್ತಿಗೆ ಬದುವಿಗೆ ಬರುತ್ತಿದ್ದ. ಇಬ್ಬರದೂ ಒಂದೇ ಕಡ್ಡಿಯಲ್ಲಿ ಹಚ್ಚಿಕೊಳ್ಳುವ ಬೀಡಿ, ಮೂವತ್ತು ವರ್ಷದ್ದು.

ನಾನು ಆಗ ಕಾಲೇಜಿನ ಹುಡುಗ, ಅಪ್ಪನಿಗೆ ಮನಸ್ಸು ಗಟ್ಟಿ ಮಾಡಿಕೋ ಎಂದು ಬುದ್ಧಿ ಹೇಳಿದ್ದೆ. ಅಪ್ಪ ಸಿಟ್ಟಾಗಲಿಲ್ಲ. "ಬೀಡಿ ಬಿಡೋದು ದೊಡ್ಡ ಮಾತಲ್ಲ ಕಣಪ್ಪ. ಬದು ಬಿಡೋಕಾಗಲ್ಲ" ಅಂದ. ಅದರ ಆಳ ನನಗೆ ಆಗ ಹೊಳೆಯಲಿಲ್ಲ.

ಕೊನೆಗೆ ಬೀಡಿ ಬಿಟ್ಟಿದ್ದು ಹೀಗೆ. ಕಣ್ಣಿನ ಪೊರೆ ತೆಗೆಸಲು ಅಪ್ಪ ದಾವಣಗೆರೆಯ ಅಕ್ಕನ ಮನೆಗೆ ಹೋಗಿ ಒಂದೂವರೆ ತಿಂಗಳು ಉಳಿದ. ಅಲ್ಲಿ ಬದುವಿಲ್ಲ, ಬೇವಿನ ಮರವಿಲ್ಲ, ಪಕ್ಕದ ಹೊಲದ ಗೆಳೆಯನಿಲ್ಲ. ಕೈ ಎದೆಗೆ ಹೋಗುವ ಹೊತ್ತೇ ಅಲ್ಲಿನ ದಿನದಲ್ಲಿ ಇರಲಿಲ್ಲ. ಅಪ್ಪ ಊರಿಗೆ ಬರುವ ಮೊದಲೇ ಅವ್ವ ಒಂದು ಕೆಲಸ ಮಾಡಿದ್ದಳು. ಅಂಗಿಗಳ ಜೇಬನ್ನು ಬಿಚ್ಚಲಿಲ್ಲ, ಹೊಲಿಯಲಿಲ್ಲ. ಪ್ರತಿ ಜೇಬಿಗೂ ಒಂದು ಹಿಡಿ ಹುರಿಗಡಲೆ ತುಂಬಿದ್ದಳು. ಮೊದಲ ದಿನ ಅಪ್ಪ ಬದುವಿನ ಮೇಲೆ ಕೂತ, ಕೈ ಎದೆಗೆ ಹೋಯಿತು, ಕಡಲೆ ಸಿಕ್ಕಿತು. ಅರ್ಧ ಗೆಳೆಯನಿಗೆ ಕೊಟ್ಟ. ಆಮೇಲೆ ಹದಿನಾಲ್ಕು ವರ್ಷ ಬದುಕಿದ, ಎದೆಯ ಮೇಲಿನ ಆ ಜೇಬು ಒಂದು ದಿನವೂ ಬರಿದಾಗಲಿಲ್ಲ. ಅವನು ಹೋದ ಮೇಲೆ ಅಂಗಿ ಮಡಚುವಾಗ ನನ್ನ ಬೆರಳಿಗೆ ಎರಡು ಕಾಳು ಸಿಕ್ಕವು.

ಅಪ್ಪನ ಬದುವಿನ ಮಾತಿಗೆ ಸಾಕ್ಷಿ ನನಗೆ ಬಹಳ ವರ್ಷದ ಮೇಲೆ ವಿಯೆಟ್ನಾಂನಿಂದ ಸಿಕ್ಕಿತು. 1971ರ ಹೊತ್ತಿಗೆ ಅಲ್ಲಿ ಕಾದುತ್ತಿದ್ದ ಅಮೆರಿಕದ ಸೈನಿಕರಲ್ಲಿ ಸುಮಾರು ಐದರಲ್ಲೊಬ್ಬ ಹೆರಾಯಿನ್ ಚಟಕ್ಕೆ ಬಿದ್ದಿದ್ದ. ಇವರೆಲ್ಲ ಊರಿಗೆ ಮರಳಿದರೆ ಏನು ಗತಿ ಎಂದು ಸರ್ಕಾರಕ್ಕೆ ನಡುಕ. ಲೀ ರಾಬಿನ್ಸ್ ಎಂಬ ಸಂಶೋಧಕಿ ಅವರನ್ನು ಹುಡುಕಿ ಮಾತಾಡಿಸಿದರು. ಚಟ ಹತ್ತಿದ್ದವರಲ್ಲಿ ಮರಳಿದ ಮೊದಲ ವರ್ಷದಲ್ಲಿ ಮತ್ತೆ ಅದಕ್ಕೆ ಸಿಕ್ಕಿದವರು ನೂರಕ್ಕೆ ಐವರು ಮಾತ್ರ. ಕಾಡು, ಭಯ, ಬೇಸರ, ಜೊತೆಗಾರ, ಎಲ್ಲವೂ ಹಿಂದೆ ಉಳಿದಿದ್ದವು. ಅವರು ತಮ್ಮ ಬದುವನ್ನು ಬಿಟ್ಟು ಬಂದಿದ್ದರು.

ಹಾಗಾಗಿ, ಅಭ್ಯಾಸ ಬಿಡದವರನ್ನು ಮನಸ್ಸು ಗಟ್ಟಿಯಿಲ್ಲದವರು ಎನ್ನುವುದನ್ನು ನಾನು ಬಿಟ್ಟಿದ್ದೇನೆ. ಅದು ಅನ್ಯಾಯದ ಮಾತು. ಅಭ್ಯಾಸ ತಲೆಯೊಳಗೆ ಅಷ್ಟಾಗಿ ವಾಸಿಸುವುದಿಲ್ಲ. ಅದು ಜೇಬಿನಲ್ಲಿ, ಬದುವಿನಲ್ಲಿ, ಗಂಟೆಯಲ್ಲಿ, ಜೊತೆಗೆ ಕೂರುವವನ ಮುಖದಲ್ಲಿ ವಾಸಿಸುತ್ತದೆ. ಬಿಡು ಎಂದು ಹೇಳುವವರು ಇಷ್ಟೆಲ್ಲವನ್ನೂ ಬಿಡು ಎಂದು ಹೇಳುತ್ತಿದ್ದೇವೆಂಬುದನ್ನು ಅರಿತು ಹೇಳಬೇಕು.

ಇನ್ನೊಂದು ಸಂಗತಿ ನಾನು ಕಲಿತದ್ದು ವೇದಾವತಿಯಿಂದ. ಕಣಿವೆಯಿಂದ ಕೆಳಗೆ ಹಿರಿಯೂರಿನ ಮಗ್ಗುಲಲ್ಲಿ ಹೊಳೆ ಎಷ್ಟೋ ವರ್ಷ ಹೆಸರಿಗೆ ಮಾತ್ರ ಹೊಳೆ. ಮರಳು, ಜಾಲಿ, ಅಲ್ಲಲ್ಲಿ ಹಂದಿ ಹೊರಳುವ ಕೆಸರು. ಅದನ್ನು ಹೊಳೆ ಎಂದು ಕರೆಯಲು ಮಕ್ಕಳು ಒಪ್ಪುತ್ತಿರಲಿಲ್ಲ. ಆದರೆ 2022ರಲ್ಲಿ ನೀರು ಬಂದಾಗ ಅದು ಯಾರನ್ನೂ ದಾರಿ ಕೇಳಲಿಲ್ಲ. ಹಳೆಯ ಪಾತ್ರದಲ್ಲೇ, ಹಳೆಯ ತಿರುವುಗಳಲ್ಲೇ ಹರಿಯಿತು. ನದಿಗೆ ಪಾತ್ರ, ನೀರಿಗೆ ಪಾತ್ರೆ, ಎಂಥ ಮಾತು ನಮ್ಮದು! ಮಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯ ಆನ್ ಗ್ರೇಬಿಯಲ್ ಮತ್ತು ಸಂಗಡಿಗರು ಇಲಿಗಳ ಮಿದುಳಿನಲ್ಲಿ ಇದನ್ನೇ ಕಂಡರು. ತಿರುವಿನ ದಾರಿಯಲ್ಲಿ ತಿನಿಸು ಇಟ್ಟು ಓಡಲು ಕಲಿಸಿದಾಗ ಮಿದುಳಿನ ಆಳದಲ್ಲಿ ಒಂದು ವಿನ್ಯಾಸ ಮೂಡಿತು. ತಿನಿಸು ನಿಲ್ಲಿಸಿದ ಮೇಲೆ ನಿಧಾನವಾಗಿ ಅದು ಮರೆಯಾಯಿತು. ಮತ್ತೆ ತಿನಿಸು ಇಟ್ಟ ಕೂಡಲೇ ಹಳೆಯದೇ ವಿನ್ಯಾಸ ಮರಳಿತು. ಇದು 2005ರ ಮಾತು. ಬತ್ತಿದ್ದು ನೀರು, ಪಾತ್ರ ಅಲ್ಲ. ಹತ್ತು ವರ್ಷ ಬೀಡಿ ಬಿಟ್ಟವನು ಒಂದು ಮದುವೆ ಮನೆಯಲ್ಲಿ ಮತ್ತೆ ಹಚ್ಚಿದರೆ ಅವನನ್ನು ಹೀಯಾಳಿಸುವ ಮೊದಲು ನಾವು ಆ ಹೊಳೆಯನ್ನೊಮ್ಮೆ ನೆನೆಯಬೇಕು.

ಹಾಗಂತ ನಮ್ಮ ಕಡೆಯ ಜನ ಬದಲಾಗದವರು ಎಂದರೆ ಸುಳ್ಳು. ನನ್ನ ಕಣ್ಣೆದುರಿಗೇ ಹೊಲಗಳು ಎಷ್ಟು ವೇಷ ಕಳಚಿವೆ! ಎರೆ ಹೊಲದಲ್ಲಿ ಹತ್ತಿ ಇತ್ತು, ಶೇಂಗಾ ಬಂತು, ಈರುಳ್ಳಿ ಬಂತು, ದಾಳಿಂಬೆ ಬಂತು, ಈಗ ಎಲ್ಲಿ ನೋಡಿದರೂ ಅಡಿಕೆ. ನಮ್ಮೂರಿನ ಹೆಸರಲ್ಲೇ ಇರುವ ಬಬ್ಬೂರು ಫಾರಂ ಕೃಷಿ ಸಂಶೋಧನೆಯ ಹಳೆಯ ಜಾಗ. ಅದು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಕೈಯಲ್ಲಿತ್ತು, ಈಗ ಶಿವಮೊಗ್ಗದ ವಿಶ್ವವಿದ್ಯಾಲಯದ ಕೈಯಲ್ಲಿದೆ. ಬೋರ್ಡಿನ ಮೇಲೆ ವಲಯ ಕೃಷಿ ಮತ್ತು ತೋಟಗಾರಿಕೆ ಸಂಶೋಧನಾ ಕೇಂದ್ರ ಎಂದಿದ್ದರೂ ನಮಗದು ಬರೀ 'ಫಾರಂ'. ಅಪ್ಪ ಅಲ್ಲಿಯ ಕೃಷಿ ಮೇಳಕ್ಕೆ ತಪ್ಪದೆ ಹೋಗುತ್ತಿದ್ದ, ಹೊಸ ತಳಿಯ ತಾಕಿನ ಮುಂದೆ ಗಂಟೆಗಟ್ಟಲೆ ನಿಲ್ಲುತ್ತಿದ್ದ, ತೆನೆಯನ್ನು ಅಂಗೈಯಲ್ಲಿ ಉಜ್ಜಿ ಕಾಳು ಬಾಯಿಗೆ ಹಾಕಿಕೊಳ್ಳುತ್ತಿದ್ದ. ಬಿತ್ತಲು ಮಾತ್ರ ಮೂರು ವರ್ಷ ತೆಗೆದುಕೊಂಡ. ಅಕ್ಕಪಕ್ಕದವರೂ ಹಾಗೇ. ಒಬ್ಬನ ಹೊಲದಲ್ಲಿ ಕಣ್ಣಾರೆ ಕಂಡ ಮೇಲೆ ಊರಿಗೂರೇ ಬಿತ್ತಿತು.

ಇದನ್ನು ಮೊಂಡುತನ ಎಂದು ನಾನು ಒಪ್ಪುವುದಿಲ್ಲ. ಮಳೆ ನಂಬಿದ ರೈತನಿಗೆ ಇಡೀ ಆಯಸ್ಸಿನಲ್ಲಿ ಸಿಗುವುದು ನಲವತ್ತೋ ಐವತ್ತೋ ಬಿತ್ತನೆ. ಆರಿದ್ರಾ ಮಳೆ ಕೈಕೊಟ್ಟರೆ ವರ್ಷವೇ ಹೋಯಿತು. ಒಂದು ಹೊಸ ಪ್ರಯೋಗ ಮಾಡಿ ನೋಡು ಎನ್ನುವವರು ಅವನ ಆಯಸ್ಸಿನ ಐವತ್ತರಲ್ಲಿ ಒಂದು ಪಾಲನ್ನು ಪಣಕ್ಕಿಡು ಎನ್ನುತ್ತಿರುತ್ತಾರೆ. ಅವನ ರೂಢಿ ಅವನ ಅಜ್ಜಂದಿರ ಸೋಲುಗಳಿಂದ ಕಟ್ಟಿದ ಒಡ್ಡು. ಪಕ್ಕದವನ ಹೊಲ ಹಸಿರಾಗಿದ್ದನ್ನು ಕಂಡಾಗ ಅದನ್ನು ಒಡೆಯುತ್ತಾನೆ, ಅದಕ್ಕೆ ಮೊದಲು ಒಡೆಯುವುದಿಲ್ಲ.

ಹೆಸರುಗಳ ಹಟವನ್ನೂ ನೋಡಿ. 1898ರಲ್ಲಿ ಶುರುವಾಗಿ 1907ರಲ್ಲಿ ಮುಗಿದ ನಮ್ಮ ಅಣೆಕಟ್ಟಿಗೆ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರ ಹೆಸರಿಟ್ಟು ವಾಣಿವಿಲಾಸ ಸಾಗರ ಎಂದರು. ನೂರು ವರ್ಷ ದಾಟಿದೆ. ನಕ್ಷೆಯಲ್ಲಿ, ಪತ್ರಿಕೆಯಲ್ಲಿ, ಬಸ್ಸಿನ ಬೋರ್ಡಿನಲ್ಲಿ ಅದೇ ಹೆಸರು. ನಮ್ಮ ಬಾಯಲ್ಲಿ ಮಾತ್ರ ಮಾರಿಕಣಿವೆ, ಇನ್ನೂ ಹತ್ತಿರದವರಿಗೆ ಬರೀ ಕಣಿವೆ. ಮಹಾರಾಣಿಯವರ ಮೇಲೆ ನಮಗೆ ಗೌರವ ಕಡಿಮೆಯೆಂದಲ್ಲ. ಆ ಜಾಗಕ್ಕೆ ಮಾರಮ್ಮ ಮೊದಲೇ ಬಂದಿದ್ದಳು. 1957ರಲ್ಲಿ ನಯಾಪೈಸೆ ಬಂತು, ಅಜ್ಜಿಯ ಲೆಕ್ಕ ಆಣೆಯಲ್ಲೇ ನಡೆಯಿತು. ಕಿಲೋ ಬಂದ ಮೇಲೂ ರಾಗಿ ಅಳೆದದ್ದು ಸೇರಿನಲ್ಲಿ, ಎಣ್ಣೆ ಅಳೆದದ್ದು ಪಾವಿನಲ್ಲಿ. ಎಂಟಾಣೆ ಎಂಬ ಮಾತನ್ನು ನಾನೂ ಆಡುತ್ತೇನೆ, ಆಣೆಯನ್ನು ನಾನು ಕಂಡದ್ದೇ ಇಲ್ಲ.

ಒಂದು ದೇಶವೇ ಬೆಳಗಾಗುವುದರಲ್ಲಿ ಅಭ್ಯಾಸ ಬದಲಿಸಿದ್ದೂ ಉಂಟು. ಸ್ವೀಡನ್ನಿನಲ್ಲಿ ಗಾಡಿಗಳು ನಮ್ಮ ಹಾಗೆ ರಸ್ತೆಯ ಎಡಗಡೆ ಓಡುತ್ತಿದ್ದವು. ಅಕ್ಕಪಕ್ಕದ ನಾಡುಗಳಲ್ಲೆಲ್ಲ ಬಲಗಡೆ. 1955ರಲ್ಲಿ ಜನಮತ ಕೇಳಿದರೆ ನೂರಕ್ಕೆ 83 ಮಂದಿ ಬದಲಾವಣೆ ಬೇಡ ಅಂದರು. ಆದರೂ 1967ರ ಸೆಪ್ಟೆಂಬರ್ 3ರ ಬೆಳಗಿನ ಐದು ಗಂಟೆಗೆ ಇಡೀ ದೇಶ ಬಲಕ್ಕೆ ಸರಿಯಿತು. ಅಪಘಾತಗಳು ಹೆಚ್ಚಾಗಲಿಲ್ಲ, ಕೆಲಕಾಲ ಕಡಿಮೆಯೇ ಆದವು, ಪ್ರತಿಯೊಬ್ಬನೂ ಕಣ್ಣು ಬಿಟ್ಟು ನಡೆಸುತ್ತಿದ್ದ. ನನಗೆ ಇದರಲ್ಲಿ ಕಾಣುವುದು ಇಷ್ಟೇ: ಒಬ್ಬನೇ ಬಲಕ್ಕೆ ಸರಿದಿದ್ದರೆ ಸಾಯುತ್ತಿದ್ದ, ಎಲ್ಲರೂ ಸರಿದದ್ದರಿಂದ ಬದುಕಿದರು. ಒಬ್ಬಂಟಿಯಾಗಿ ಬದಲಾಗು ಎಂದು ಯಾರನ್ನಾದರೂ ಒತ್ತಾಯಿಸುವಾಗ ನನಗೆ ಆ ಒಬ್ಬನ ನೆನಪಾಗುತ್ತದೆ.

ಇನ್ನು ನನ್ನ ಮಾತು. ಬೆಂಗಳೂರಿಗೆ ಬಂದು ಇಪ್ಪತ್ತು ವರ್ಷ. ಮೂರನೇ ಮಹಡಿಯ ಮನೆ, ತಿರುಗಿಸಿದರೆ ನೀರು. ಆದರೂ ರಾತ್ರಿ ಒಂಬತ್ತಾದರೆ ನನ್ನ ಕಾಲು ಬಚ್ಚಲುಮನೆಯ ಕಡೆ ನಡೆಯುತ್ತದೆ. ಎರಡು ಬಕೀಟು, ಒಂದು ಕೊಡ, ಒಂದು ಚೊಂಬು ತುಂಬಿಸದೆ ನನಗೆ ನಿದ್ದೆ ಹತ್ತುವುದಿಲ್ಲ. ಮದುವೆಯಾದ ಹೊಸದರಲ್ಲಿ ಹೆಂಡತಿ ಕೇಳಿದಳು. ಅವಳು ಕರಾವಳಿಯವಳು, ಬಾವಿಯಲ್ಲಿ ಕೈಗೆಟುಕುವ ನೀರು ಕಂಡವಳು. ಊರಿನ ಕಥೆ ಹೇಳಿದೆ. ಕಾರಣ ಗೊತ್ತಿದೆಯಲ್ಲ, ಗೊತ್ತಾದ ಮೇಲೆ ಬಿಡಬಹುದಲ್ಲ ಎಂದಳು. ಬಿಡಬಹುದು ಅನಿಸಿತು. ಹತ್ತು ದಿನ ಬಿಟ್ಟೆ. ಆ ಹತ್ತು ರಾತ್ರಿ ನನಗೆ ಮನೆಯ ಬಾಗಿಲು ಹಾಕದೆ ಮಲಗಿದಂತೆ ಆಗುತ್ತಿತ್ತು. ಹನ್ನೊಂದನೆಯ ದಿನ ಅವಳೇ ಎದ್ದು ಹೋಗಿ ಕೊಡ ತುಂಬಿಸಿ ಬಂದಳು. ಆ ಉಪಕಾರವನ್ನು ನಾನು ಮರೆತಿಲ್ಲ.

2024ರ ಬೇಸಿಗೆಯಲ್ಲಿ ಬೆಂಗಳೂರಿನ ಬೋರುಗಳು ಒಂದೊಂದಾಗಿ ಬತ್ತಿದವು. ನಮ್ಮ ಕಟ್ಟಡದ್ದೂ ಬತ್ತಿತು, ಟ್ಯಾಂಕರಿಗಾಗಿ ದಿನಗಟ್ಟಲೆ ಕಾಯಬೇಕಾಯಿತು. ಬೆಳಗಿನ ಹೊತ್ತು ಪಕ್ಕದ ಮನೆಯ ಮಗು ಚೊಂಬು ಹಿಡಿದು ಬಂದು ನಮ್ಮ ಬಾಗಿಲಲ್ಲಿ ನಿಲ್ಲುತ್ತಿತ್ತು. ನಾನು ಗೆದ್ದೆ ಅನಿಸಲಿಲ್ಲ. ಆ ಮಗುವಿನ ಮೈಗೂ ಇನ್ನು ಒಂದು ಒಂಬತ್ತು ಗಂಟೆ ಅಂಟಿಕೊಳ್ಳಬಹುದು ಅನಿಸಿ ಹೊಟ್ಟೆ ಚುರ್ ಎಂದಿತು. ಬರ ಹೀಗೆಯೇ ಒಂದು ಮೈಯಿಂದ ಇನ್ನೊಂದಕ್ಕೆ ದಾಟುತ್ತದೆ. ಅದು ಮುಗಿದ ಎಷ್ಟೋ ವರ್ಷಗಳ ಮೇಲೂ ಕೈಗಳು ಅದನ್ನು ಕಾಪಿಟ್ಟುಕೊಂಡಿರುತ್ತವೆ.

2025ರ ಜನವರಿಯಲ್ಲಿ ಕಣಿವೆ ಮತ್ತೆ ಕೋಡಿ ಬಿತ್ತು. 1933, 2022, 2025. ಭದ್ರೆಯ ನೀರು ಸೇರಿಕೊಂಡ ಮೇಲೆ ಕಣಿವೆಯೂ ತನ್ನ ರೂಢಿ ಬದಲಿಸಿಕೊಳ್ಳುತ್ತಿದೆ. ಈ ಸಲ ಹೆಂಡತಿ, ಹತ್ತು ವರ್ಷದ ಮಗಳು ಎಲ್ಲರೂ ಹೋಗಿದ್ದೆವು. ಅವ್ವನಿಗೆ ಮಂಡಿ ನೋವು, ಬರುವುದಿಲ್ಲ ಅಂದಳು. "ನಾನು ಕಂಡಿದೀನಿ. ಕೂಸಿಗೆ ತೋರ್ಸ್ಕಂಡ್ ಬಾ" ಅಂತ ಕಳಿಸಿದಳು. ಮಗಳು ನೀರು ಧುಮುಕುವುದನ್ನು ನೋಡಿ ಅಜ್ಜಿಗೆ ತೋರಿಸಲು ಫೋನಿನಲ್ಲಿ ಹಿಡಿದುಕೊಂಡಳು. ರಾತ್ರಿ ಊಟದ ಹೊತ್ತಿನಲ್ಲಿ ಅವ್ವ ಅದನ್ನು ನಾಲ್ಕು ಸಲ ನೋಡಿದಳು.

ಒಂಬತ್ತಾಯಿತು. ಅವ್ವ ಗೋಡೆ ಹಿಡಿದು ಎದ್ದಳು. ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ, ಹಿತ್ತಿಲಿಗೆ ಹೋಗಿ ಲೈಟು ಹಾಕಿ ಕೊಡಗಳ ಮುಚ್ಚಳ ತೆಗೆದೆ. ಅಷ್ಟರಲ್ಲಿ ಮಗಳು ಬಂದು ಅಜ್ಜಿಯ ಕೈಯಿಂದ ಪೈಪು ತೆಗೆದುಕೊಂಡಳು. ಅವ್ವ ಒಳಗೆ ಹೊಸ್ತಿಲ ಪಕ್ಕ ಕಾಲು ಚಾಚಿ ಕೂತಳು. ಹುಣಸೆಹಣ್ಣಿನಲ್ಲಿ ಬೆಳಗಿದ ಹಿತ್ತಾಳೆ ಕೊಡ ಬೆಳಕಿಗೆ ಹೊಳೆಯುತ್ತಿತ್ತು. ನೀರು ತಳಕ್ಕೆ ಬಿದ್ದು ದಪ್ಪಗೆ ಸದ್ದು ಮಾಡಿತು. ಹುಡುಗಿ ಆಕಾಶದ ಕಡೆ ನೋಡುತ್ತ ಯಾವುದೋ ನಕ್ಷತ್ರ ಹುಡುಕುತ್ತಿದ್ದಳು, ಕೊಡದ ಕಡೆ ಅವಳ ಕಣ್ಣಿರಲಿಲ್ಲ. ಸದ್ದು ತಿಳಿಯಾಯಿತು, ತೆಳ್ಳಗಾಯಿತು.

"ತುಂಬ್ತೇನವ್ವ?" ಒಳಗಿಂದ ಅವ್ವ ಕೇಳಿದಳು.

ಮಗಳು ತಲೆ ತಗ್ಗಿಸಲಿಲ್ಲ. ಒಂದು ಕ್ಷಣ ಕಿವಿಗೊಟ್ಟು, "ಇನ್ನೊಂಚೂರು, ಅಜ್ಜಿ" ಅಂದಳು.